ಡಕೋಟಾ ಮರಳಿ ಬರಬೇಕೆ? ಒಂದು ಪಿಕಪ್ ಟ್ರಕ್ಕಿನ ಸುತ್ತಣ ವಾದಗಳ ಪರಿಶೀಲನೆ

ಅಮೆರಿಕದ ಮೋಟಾರು ಪತ್ರಿಕೆಗಳನ್ನು ಓದುವವರಿಗೆ ಒಂದು ಪ್ರಶ್ನೆ ಚಿರಪರಿಚಿತ. ಕ್ರೈಸ್ಲರ್ ಬಳಗ 2011ರಲ್ಲಿ ನಿಲ್ಲಿಸಿಬಿಟ್ಟ ‘ಡಕೋಟಾ’ ಎಂಬ ನಡುಗಾತ್ರದ ಪಿಕಪ್ ಟ್ರಕ್ಕನ್ನು ಮತ್ತೆ ತಯಾರಿಸಬೇಕೆ, ಬೇಡವೆ? ಬೇಕು ಎನ್ನುವವರು ಹೇಳುವುದು: ದೊಡ್ಡ ಟ್ರಕ್ಕುಗಳು ಮಿತಿಮೀರಿ ಬೆಳೆದಿವೆ, ಸಣ್ಣದು ಕಡಿಮೆ ಇಂಧನ ಕುಡಿಯುತ್ತದೆ, ಕಡಿಮೆ ಬೆಲೆಗೆ ಸಿಗುತ್ತದೆ, ಇಂಧನ ಕಾನೂನು ಅದನ್ನು ಅನ್ಯಾಯವಾಗಿ ಕೊಂದಿತು. ಬೇಡ ಎನ್ನುವವರು ಹೇಳುವುದು: ದೊಡ್ಡ ಟ್ರಕ್ಕೇ ಈಗ ಅಷ್ಟೇ ಮೈಲೇಜು ಕೊಡುತ್ತದೆ, ಸಣ್ಣದು ಯಾರಿಗೆ ಬೇಕು?

ಎರಡೂ ಪಕ್ಷಗಳ ಮಾತಿನಲ್ಲಿ ಭೌತವಿಜ್ಞಾನ ತುಂಬಿಕೊಂಡಿದೆ. ರಾಶಿ, ವಾಯುರೋಧ, ದಕ್ಷತೆ, ಸಂವೇಗ ಇವೆಲ್ಲ ಅಲ್ಲಿ ಹೆಸರಿಲ್ಲದೆ ಓಡಾಡುತ್ತವೆ. ಸಂಖ್ಯೆಗಳನ್ನಿಟ್ಟು ನೋಡುವವರು ಮಾತ್ರ ವಿರಳ. ಪದವಿ ತರಗತಿಯ ವಿದ್ಯಾರ್ಥಿಗೆ ನಿಲುಕುವ ಲೆಕ್ಕಗಳಿಂದಲೇ ಈ ವಾದಗಳಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಬೇರ್ಪಡಿಸಬಹುದು. ಆ ಕೆಲಸವನ್ನು ಇಲ್ಲಿ ಮಾಡೋಣ.

ಮೊದಲು ಒಂದು ಸ್ಪಷ್ಟನೆ. ನಮ್ಮಲ್ಲಿ ಪಿಕಪ್ ಎಂದರೆ ಟೊಮೇಟೊ ಕ್ರೇಟುಗಳನ್ನು ಹೇರಿಕೊಂಡು ಕೋಲಾರದ ಮಾರುಕಟ್ಟೆಗೆ ಹೋಗುವ ಸರಕು ಗಾಡಿ. ಅಮೆರಿಕದಲ್ಲಿ ಅದು ಬಹುಪಾಲು ಮನೆಯ ಕಾರು. ಹಿಂದೆ ತೆರೆದ ತೊಟ್ಟಿ ಇರುತ್ತದೆ. ಆದರೆ ವಾರದ ಹೆಚ್ಚಿನ ದಿನ ಅದು ಖಾಲಿಯಾಗಿಯೇ ಓಡುತ್ತದೆ, ಒಳಗೆ ಒಬ್ಬ ಚಾಲಕ ಮಾತ್ರ. ಮುಂದಿನ ಲೆಕ್ಕಗಳಲ್ಲಿ ಈ ಸಂಗತಿ ನೆನಪಿರಬೇಕು.

ಡಕೋಟಾದ ಕಥೆ ದೀರ್ಘವಲ್ಲ. 1987ರ ಮಾದರಿಯಾಗಿ 1986ರಲ್ಲಿ ಮಾರುಕಟ್ಟೆಗೆ ಬಂತು. ಜಪಾನಿನ ಪುಟ್ಟ ಪಿಕಪ್‌ಗಳಿಗಿಂತ ದೊಡ್ಡದು, ಅಮೆರಿಕದ ಪೂರ್ಣಗಾತ್ರದ ಟ್ರಕ್ಕಿಗಿಂತ ಚಿಕ್ಕದು. ಈ ನಡುವಣ ಜಾಗವನ್ನು ಮೊದಲು ಗುರುತಿಸಿದ ಕೀರ್ತಿ ಅದಕ್ಕೆ ಸಲ್ಲುತ್ತದೆ. ಆರಂಭದಲ್ಲಿ 2.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಕೂಡ ಇತ್ತು. 1990ರ ದಶಕದ ಹೊತ್ತಿಗೆ 5.2 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಬಂತು. 1997ರಲ್ಲಿ ಎರಡನೆಯ ಪೀಳಿಗೆ, 2005ರಲ್ಲಿ ಮೂರನೆಯದು. ಪ್ರತಿ ಪೀಳಿಗೆಯಲ್ಲೂ ಗಾಡಿ ಉದ್ದವಾಯಿತು, ತೂಕವಾಯಿತು, ದುಬಾರಿಯಾಯಿತು. 2000ನೆಯ ವರ್ಷ ಒಂದೂಮುಕ್ಕಾಲು ಲಕ್ಷದಷ್ಟು ಮಾರಾಟವಾದದ್ದು 2010ರಲ್ಲಿ ಹದಿಮೂರು ಸಾವಿರದ ಆಸುಪಾಸಿಗೆ ಇಳಿಯಿತು. ನಡುವೆ 2009ರ ಏಪ್ರಿಲ್‌ನಲ್ಲಿ ಕ್ರೈಸ್ಲರ್ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಗಿತ್ತು. 2011ರ ಆಗಸ್ಟ್‌ನಲ್ಲಿ ಮಿಷಿಗನ್‌ನ ವಾರೆನ್ ಕಾರ್ಖಾನೆಯಿಂದ ಕೊನೆಯ ಡಕೋಟಾ ಹೊರಬಿತ್ತು.

ಸಣ್ಣದಾದರೆ ಇಂಧನ ಉಳಿಯುತ್ತದೆಯೆ?

ಎಲ್ಲರೂ ಸತ್ಯವೆಂದು ಒಪ್ಪಿಕೊಂಡು ಮುಂದೆ ಸಾಗುವ ಮಾತು ಇದು. ಹಾಗಾಗಿ ಇದನ್ನೇ ಮೊದಲು ಪರೀಕ್ಷಿಸಬೇಕು.

ಸಮತಟ್ಟಾದ ರಸ್ತೆಯಲ್ಲಿ ಏಕವೇಗದಿಂದ ಓಡುವ ಗಾಡಿ ಎರಡು ಬಲಗಳನ್ನು ಎದುರಿಸುತ್ತದೆ. ಒಂದು ವಾಯುರೋಧ. ಗಾಳಿಯ ಸಾಂದ್ರತೆಯ ಅರ್ಧವನ್ನು ವಾಯುರೋಧ ಗುಣಾಂಕದಿಂದಲೂ, ಗಾಡಿಯ ಮುಂಭಾಗದ ವಿಸ್ತೀರ್ಣದಿಂದಲೂ, ವೇಗದ ವರ್ಗದಿಂದಲೂ ಗುಣಿಸಿದರೆ ಇದು ಸಿಗುತ್ತದೆ. ಇನ್ನೊಂದು ಟೈರುಗಳ ಉರುಳು ಘರ್ಷಣೆ. ಇದು ಗಾಡಿಯ ತೂಕಕ್ಕೆ ಅನುಪಾತದಲ್ಲಿರುತ್ತದೆ. ಒಳ್ಳೆಯ ರಸ್ತೆಯಲ್ಲಿ ತೂಕದ ನೂರರಲ್ಲಿ ಒಂದು ಭಾಗ ಎಂದಿಟ್ಟುಕೊಳ್ಳಬಹುದು.

ಈಗ ಎರಡು ಟ್ರಕ್ಕುಗಳನ್ನು ಕಲ್ಪಿಸಿಕೊಳ್ಳೋಣ. ದೊಡ್ಡದರ ರಾಶಿ 2,300 ಕೆ.ಜಿ., ಮುಂಭಾಗದ ವಿಸ್ತೀರ್ಣ 3.3 ಚದರ ಮೀಟರ್, ವಾಯುರೋಧ ಗುಣಾಂಕ 0.36. ಚಿಕ್ಕದರ ರಾಶಿ 1,900 ಕೆ.ಜಿ., ವಿಸ್ತೀರ್ಣ 2.8 ಚದರ ಮೀಟರ್. ಆದರೆ ಅದು ಹಳೆಯ, ಚೌಕಾಕಾರದ ಮೈಕಟ್ಟಿನದು, ಗುಣಾಂಕ 0.42 ಎನ್ನೋಣ. ವೇಗ ಗಂಟೆಗೆ 100 ಕಿ.ಮೀ., ಅಂದರೆ ಸೆಕೆಂಡಿಗೆ 27.8 ಮೀಟರ್. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕೆ.ಜಿ. ದೊಡ್ಡದರ ಮೇಲಿನ ವಾಯುರೋಧ ಸುಮಾರು 550 ನ್ಯೂಟನ್, ಚಿಕ್ಕದರ ಮೇಲೆ 544 ನ್ಯೂಟನ್. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು! ಗಾತ್ರದಲ್ಲಿ ಗಳಿಸಿದ್ದನ್ನು ಆಕಾರದಲ್ಲಿ ಕಳೆದುಕೊಂಡಂತಾಯಿತು. ಉರುಳು ಘರ್ಷಣೆ ದೊಡ್ಡದಕ್ಕೆ 225, ಚಿಕ್ಕದಕ್ಕೆ 186 ನ್ಯೂಟನ್. ಎರಡನ್ನೂ ಕೂಡಿದರೆ 775 ಮತ್ತು 730.

ನೂರು ಕಿಲೋಮೀಟರ್ ಸಾಗಲು ಬೇಕಾದ ಕಾರ್ಯ ಕ್ರಮವಾಗಿ 77.5 ಮತ್ತು 73 ಮೆಗಾಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದೆ. ಅದರಲ್ಲಿ ನಾಲ್ಕನೆಯ ಒಂದು ಭಾಗ ಮಾತ್ರ ಚಕ್ರಗಳನ್ನು ತಲುಪುತ್ತದೆ ಎಂದುಕೊಂಡರೆ ದೊಡ್ಡ ಟ್ರಕ್ಕು 100 ಕಿ.ಮೀ.ಗೆ 9.7 ಲೀಟರ್, ಚಿಕ್ಕದು 9.1 ಲೀಟರ್ ಕುಡಿಯುತ್ತದೆ. ಉಳಿತಾಯ ಆರು ಶೇಕಡ.

ಚಿಕ್ಕ ಟ್ರಕ್ಕಿಗೆ ಹಳೆಯ ಎಂಜಿನ್ನೇ ಇದ್ದು, ದಕ್ಷತೆ 25ರ ಬದಲು 22 ಶೇಕಡ ಆದರೆ ಏನಾಗುತ್ತದೆ? ಅದರ ಬಳಕೆ 10.4 ಲೀಟರಿಗೆ ಏರುತ್ತದೆ. ಚಿಕ್ಕದು ದೊಡ್ಡದಕ್ಕಿಂತ ಹೆಚ್ಚು ಕುಡಿಯುವ ಗಾಡಿಯಾಗುತ್ತದೆ. ಎಂಜಿನ್ ದಕ್ಷತೆಯ ಮೂರು ಅಂಕ ಗಾತ್ರದ ಲಾಭವನ್ನೆಲ್ಲ ನುಂಗಿಬಿಡುತ್ತದೆ.

ಇದು ಕರಿಹಲಗೆಯ ಮೇಲಿನ ಕಲ್ಪನೆ ಮಾತ್ರವಲ್ಲ, ನಿಜವಾಗಿಯೂ ನಡೆದದ್ದು. 2011ರ ಡಕೋಟಾದಲ್ಲಿ 3.7 ಲೀಟರಿನ ಆರು ಸಿಲಿಂಡರ್ ಎಂಜಿನ್, ನಾಲ್ಕು ಗೇರುಗಳ ಸ್ವಯಂಚಾಲಿತ ಪೆಟ್ಟಿಗೆ. ಎರಡು ಚಕ್ರ ಚಾಲನೆಯ ಗಾಡಿಗೆ ಅಮೆರಿಕ ಸರ್ಕಾರದ ಸರಾಸರಿ ಅಂಕ ಗ್ಯಾಲನ್ನಿಗೆ ಸುಮಾರು 17 ಮೈಲಿ. ಎರಡೇ ವರ್ಷದ ಬಳಿಕ ಅದೇ ಕಂಪನಿಯ ಪೂರ್ಣಗಾತ್ರದ ರ‍್ಯಾಮ್ 1500 ಹೊಸ 3.6 ಲೀಟರ್ ಎಂಜಿನ್, ಎಂಟು ಗೇರು, 0.36ರ ವಾಯುರೋಧ ಗುಣಾಂಕ ಹೊತ್ತು ಬಂತು. ಬೇಡವಾದಾಗ ಮುಂದಿನ ಜಾಲರಿಯನ್ನು ತಾನೇ ಮುಚ್ಚಿಕೊಳ್ಳುವ ವ್ಯವಸ್ಥೆಯೂ ಅದರಲ್ಲಿತ್ತು. ಅದರ ಅಂಕ 20 ಮೈಲಿ. ದೊಡ್ಡಣ್ಣ ತಮ್ಮನನ್ನು ಮೈಲೇಜಿನಲ್ಲೇ ಸೋಲಿಸಿದ.

ಇನ್ನೊಂದು ಉದಾಹರಣೆ ಇದಕ್ಕಿಂತಲೂ ಸ್ವಾರಸ್ಯಕರ. ಈ ಬಳಗ 2019ರಲ್ಲಿ ‘ಜೀಪ್ ಗ್ಲ್ಯಾಡಿಯೇಟರ್’ ಎಂಬ ನಡುಗಾತ್ರದ ಪಿಕಪ್ಪನ್ನು ಓಹಾಯೋದ ಟೊಲೀಡೊದಲ್ಲಿ ತಯಾರಿಸತೊಡಗಿತು. ಎಂಜಿನ್ ರ‍್ಯಾಮ್‌ನದೇ ಮನೆತನದ 3.6 ಲೀಟರ್, ಗೇರು ಎಂಟೇ. ಅಂದರೆ ಎಂಜಿನ್ನಿನ ಅಂತರ ಬಹುಮಟ್ಟಿಗೆ ತೊಡೆದುಹೋದ ಪ್ರಯೋಗ ಇದು. 2020ರ ಮಾದರಿಗಳಲ್ಲಿ ನಾಲ್ಕು ಚಕ್ರ ಚಾಲನೆಯ ಗ್ಲ್ಯಾಡಿಯೇಟರ್ ಸರಾಸರಿ 19 ಮೈಲಿ, ಅದೇ ಚಾಲನೆಯ ರ‍್ಯಾಮ್ 21 ಮೈಲಿ. ರ‍್ಯಾಮ್‌ನಲ್ಲಿ ಒಂದು ಪುಟ್ಟ ವಿದ್ಯುತ್ ಮೋಟಾರಿನ ನೆರವೂ ಇತ್ತು ಎಂಬುದನ್ನು ಮರೆಯಬಾರದು. ಆದರೂ ಗ್ಲ್ಯಾಡಿಯೇಟರಿನ ನೆಟ್ಟಗೆ ನಿಂತ ಗಾಜು, ಪೆಟ್ಟಿಗೆಯಂಥ ಮೂತಿ, ಹೊರಗೆ ಚಾಚಿದ ಚಕ್ರಗಳನ್ನು ನೋಡಿದರೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ.

ಪೇಟೆಯ ಓಡಾಟದಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅಲ್ಲಿ ಶಕ್ತಿ ಪೋಲಾಗುವುದು ಬ್ರೇಕಿನಲ್ಲಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ 2,300 ಕೆ.ಜಿ. ಗಾಡಿಯ ಚಲನಶಕ್ತಿ 222 ಕಿಲೋಜೂಲ್, 1,900 ಕೆ.ಜಿ.ಯದು 183. ಕಿಲೋಮೀಟರಿಗೊಮ್ಮೆ ನಿಂತು ಹೊರಟರೆ ನೂರು ಕಿ.ಮೀ.ಗೆ ಸುಮಾರು 4 ಮೆಗಾಜೂಲ್ ವ್ಯತ್ಯಾಸ. ಪೇಟೆಯಲ್ಲಿ ಎಂಜಿನ್ ದಕ್ಷತೆ ಇನ್ನೂ ಕಡಿಮೆ. 20 ಶೇಕಡ ಎಂದುಕೊಂಡರೆ 0.6 ಲೀಟರ್ ಉಳಿತಾಯ. ಇದು ನಿಜವಾದ ಲಾಭ, ಚಿಕ್ಕದೇನಲ್ಲ. ಆದರೆ ಈ ಲಾಭ ಬಂದದ್ದು ರಾಶಿ ಕಡಿಮೆಯಾದ್ದರಿಂದ, ಹೊರತು ಗಾಡಿ ‘ನಡುಗಾತ್ರ’ ಎಂಬ ಪಟ್ಟಿಯಲ್ಲಿರುವುದರಿಂದಲ್ಲ. ಇಂದಿನ ನಡುಗಾತ್ರದ ಪಿಕಪ್‌ಗಳಲ್ಲಿ ಹಲವು ಎರಡು ಟನ್ನಿನ ಗಡಿಯನ್ನು ಮುಟ್ಟಿವೆ ಅಥವಾ ದಾಟಿವೆ.

ಅಳತೆಯ ಮಾನದ ಬಗ್ಗೆಯೂ ಇಲ್ಲಿ ಒಂದು ಮಾತು ಹೇಳಬೇಕು. ಅಮೆರಿಕನ್ನರು ಗ್ಯಾಲನ್ನಿಗೆ ಎಷ್ಟು ಮೈಲಿ ಎಂದು ಕೇಳುತ್ತಾರೆ. ನಾವೂ ಲೀಟರಿಗೆ ಎಷ್ಟು ಕಿ.ಮೀ. ಎಂದೇ ಕೇಳುವುದು. ಖರ್ಚಾಗುವ ಇಂಧನ ಈ ಸಂಖ್ಯೆಯ ವ್ಯುತ್ಕ್ರಮ. 10 ಮೈಲಿಯ ಗಾಡಿಯನ್ನು ಬಿಟ್ಟು 11ರದನ್ನು ಕೊಂಡರೆ ಉಳಿಯುವ ಇಂಧನ, 33ರಿಂದ 50ಕ್ಕೆ ಜಿಗಿದಾಗ ಉಳಿಯುವ ಇಂಧನಕ್ಕೆ ಹೆಚ್ಚುಕಡಿಮೆ ಸಮ. ನಂಬದವರು ನೂರು ಮೈಲಿಗೆ ಭಾಗಿಸಿ ನೋಡಬಹುದು: 0.91 ಗ್ಯಾಲನ್ ಮತ್ತು 1.03 ಗ್ಯಾಲನ್. ಲ್ಯಾರಿಕ್ ಮತ್ತು ಸಾಲ್ ಎಂಬ ಇಬ್ಬರು ಸಂಶೋಧಕರು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಭ್ರಮೆಯನ್ನು ಬಯಲಿಗೆಳೆದರು. ಟ್ರಕ್ಕುಗಳ ಚರ್ಚೆಯಲ್ಲಿ ಇದು ಮುಖ್ಯ, ಏಕೆಂದರೆ ಟ್ರಕ್ಕುಗಳು ಇರುವುದೇ ಸಣ್ಣ ಸಂಖ್ಯೆಗಳ ಆ ಕೊನೆಯಲ್ಲಿ. 17ರಿಂದ 20 ಎಂಬುದು ಕೇಳಲು ಮೂರೇ ಮೈಲಿ. ನಮ್ಮ ಮಾನದಲ್ಲಿ ನೂರು ಕಿ.ಮೀ.ಗೆ 13.8 ಲೀಟರಿನಿಂದ 11.8ಕ್ಕೆ ಇಳಿದಂತೆ.

ಎಂಜಿನ್ ಏಕೆ ಅಷ್ಟು ದೊಡ್ಡದು?

ನಮ್ಮ ಚಿಕ್ಕ ಟ್ರಕ್ಕು 730 ನ್ಯೂಟನ್ ಬಲವನ್ನು ಸೆಕೆಂಡಿಗೆ 27.8 ಮೀಟರ್ ವೇಗದಲ್ಲಿ ಎದುರಿಸುತ್ತಿತ್ತು. ಬೇಕಾದ ಸಾಮರ್ಥ್ಯ 20 ಕಿಲೋವಾಟ್, ಅಂದರೆ 27 ಅಶ್ವಶಕ್ತಿ. ಗ್ಲ್ಯಾಡಿಯೇಟರಿನ ಎಂಜಿನ್ನಿನ ಗರಿಷ್ಠ ಸಾಮರ್ಥ್ಯ 285 ಅಶ್ವಶಕ್ತಿ. ಹೆದ್ದಾರಿಯಲ್ಲಿ ಹಾಯಾಗಿ ಹೋಗುವಾಗ ಹತ್ತರಲ್ಲಿ ಒಂದು ಪಾಲೂ ಬಳಕೆಯಾಗುವುದಿಲ್ಲ. ಪೆಟ್ರೋಲ್ ಎಂಜಿನ್ನಿನ ದೌರ್ಬಲ್ಯ ಇರುವುದು ಇಲ್ಲಿಯೇ. ಕಡಿಮೆ ಹೊರೆಯಲ್ಲಿ ಓಡುವಾಗ ಗಾಳಿಯ ಬಾಗಿಲನ್ನು ಅರೆಮುಚ್ಚಿ ಉಸಿರು ಕಟ್ಟಿಸಬೇಕಾಗುತ್ತದೆ. ಪಿಸ್ಟನ್ನುಗಳು ಆ ಅರೆನಿರ್ವಾತದ ವಿರುದ್ಧ ಎಳೆದಾಡುತ್ತ ಶಕ್ತಿ ಪೋಲು ಮಾಡುತ್ತವೆ. ಎಂಟು ಗೇರುಗಳು, ಅರ್ಧ ಸಿಲಿಂಡರುಗಳನ್ನು ಮಲಗಿಸುವ ಉಪಾಯ, ಸಣ್ಣ ಟರ್ಬೊ ಎಂಜಿನ್ನು ಇವೆಲ್ಲ ಈ ಒಂದು ರೋಗಕ್ಕೆ ಕೊಡುತ್ತಿರುವ ಬೇರೆ ಬೇರೆ ಮದ್ದು.

ಇಷ್ಟು ದೊಡ್ಡ ಎಂಜಿನ್ ಬೇಕಾಗುವುದು ಎಳೆಯುವುದಕ್ಕೆ. ಮೂರು ಟನ್ನಿನ ದೋಣಿಯನ್ನೋ ಗಾಡಿಮನೆಯನ್ನೋ ಹಿಂದೆ ಕಟ್ಟಿಕೊಂಡು ನೂರಕ್ಕೆ ಆರರ ಏರನ್ನು ಗಂಟೆಗೆ 90 ಕಿ.ಮೀ. ವೇಗದಲ್ಲಿ ಹತ್ತಬೇಕೆಂದರೆ ಗುರುತ್ವದ ವಿರುದ್ಧವೇ 73 ಕಿಲೋವಾಟ್ ಬೇಕು. ಗಾಳಿ, ಟೈರು ಸೇರಿಸಿದರೆ ನೂರರ ಮೇಲೆ. ಜಾಹೀರಾತುಗಳೆಲ್ಲ ಈ ಎಳೆಯುವ ಅಂಕದ ಪೈಪೋಟಿ. ಕೊಳ್ಳುವವನು ವರ್ಷಕ್ಕೆ ಎರಡು ಸಲ ಎಳೆಯುವ ದೋಣಿಗಾಗಿ ಉಳಿದ ದಿನವೆಲ್ಲ ಆ ಎಂಜಿನ್ನಿಗೆ ಕಂದಾಯ ಕಟ್ಟುತ್ತಾನೆ. ಡಕೋಟಾ ಬೆಳೆದು ಕೆಟ್ಟದ್ದೂ ಹೀಗೆಯೇ ಎಂಬುದು ನನ್ನ ಅಭಿಪ್ರಾಯ. ನಾಲ್ಕು ಸಿಲಿಂಡರಿನಿಂದ ಶುರುವಾದದ್ದು ಎಂಟು ಸಿಲಿಂಡರಿನತ್ತ ಹೊರಳಿದಾಗ ಅದು ತನ್ನ ಜಾಗವನ್ನು ಬಿಟ್ಟು ಅಣ್ಣನ ಜಾಗಕ್ಕೆ ಕಾಲಿಟ್ಟಿತು. ಅಲ್ಲಿ ಅಣ್ಣನೇ ವಾಸಿ ಎಂದು ಗಿರಾಕಿ ತೀರ್ಮಾನಿಸಿದ.

ಇದಕ್ಕೆ ವಿರುದ್ಧ ದಿಕ್ಕಿನ ಸಾಕ್ಷ್ಯ ಫೋರ್ಡ್ ಕಂಪನಿಯ ‘ಮ್ಯಾವರಿಕ್’. 2021ರಲ್ಲಿ ಬಂದ ಈ ಪಿಕಪ್ ಡಕೋಟಾಗಿಂತ ಒಂದು ಮೆಟ್ಟಿಲು ಕೆಳಗಿನದು. ಪ್ರತ್ಯೇಕ ಚಾಸಿಯಿಲ್ಲದೆ ಕಾರಿನಂತೆ ಒಂದೇ ಒಡಲು, ರಾಶಿ ಸುಮಾರು 1,670 ಕೆ.ಜಿ. ಪೆಟ್ರೋಲಿನ ಜತೆಗೆ ವಿದ್ಯುತ್ ಮೋಟಾರು ಇರುವ ಅದರ ಹೈಬ್ರಿಡ್ ಮಾದರಿಗೆ ಮೊದಲ ವರ್ಷ ಸಿಕ್ಕ ಅಂಕ ಪೇಟೆಯಲ್ಲಿ 42 ಮೈಲಿ, ಹೆದ್ದಾರಿಯಲ್ಲಿ 33. ಪೇಟೆಯ ಅಂಕ ಹೆದ್ದಾರಿಯದಕ್ಕಿಂತ ಹೆಚ್ಚಾಗಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬ್ರೇಕು ಹಾಕಿದಾಗ ಚಲನಶಕ್ತಿ ಬಿಸಿಯಾಗಿ ಹೋಗುವ ಬದಲು ಬ್ಯಾಟರಿಗೆ ಮರಳುತ್ತದೆ, ಕಡಿಮೆ ಹೊರೆಯಲ್ಲಿ ಎಂಜಿನ್ ಓಡುವುದೇ ಇಲ್ಲ. ಮೇಲೆ ಹೇಳಿದ ಎರಡೂ ರೋಗಗಳಿಗೆ ಒಟ್ಟಿಗೆ ಚಿಕಿತ್ಸೆ. ಎಳೆಯುವ ಅಂಕದಲ್ಲಿ ಅದು ಬಡಪಾಯಿ. ಆದರೂ 2024ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಕಾನೂನು ಕೊಂದಿತೆ?

ಡಕೋಟಾದ ಅಭಿಮಾನಿಗಳು ಮತ್ತೆ ಮತ್ತೆ ಹೇಳುವ ಆರೋಪ ಇದು, ಮತ್ತು ಇದರಲ್ಲಿ ಅರ್ಧ ಸತ್ಯವಿದೆ. ಅಮೆರಿಕ 1975ರ ಶಾಸನದಿಂದ ಕಾರು ತಯಾರಕರಿಗೆ ಸರಾಸರಿ ಇಂಧನ ಗುರಿಗಳನ್ನು ವಿಧಿಸಿತು. ಟ್ರಕ್ಕುಗಳಿಗೆ ಬೇರೆ, ಸಡಿಲವಾದ ಗುರಿ. 2000ದ ದಶಕದಲ್ಲಿ ಈ ಪದ್ಧತಿಯನ್ನು ಬದಲಿಸಿದರು. ಹೊಸ ಕ್ರಮದಲ್ಲಿ ಪ್ರತಿ ಗಾಡಿಯ ಗುರಿ ಅದರ ‘ಫುಟ್‌ಪ್ರಿಂಟ್’ ಎಂಬ ವಿಸ್ತೀರ್ಣವನ್ನು ಅವಲಂಬಿಸುತ್ತದೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ದೂರವನ್ನು ಎಡಬಲ ಚಕ್ರಗಳ ನಡುವಿನ ದೂರದಿಂದ ಗುಣಿಸಿದರೆ ಈ ವಿಸ್ತೀರ್ಣ ದೊರೆಯುತ್ತದೆ. ಕೊನೆಯ ಡಕೋಟಾಗೆ ಇದು 3.34 ಮೀಟರ್ ಗುಣಿಸು 1.6 ಮೀಟರ್, ಸುಮಾರು 5.3 ಚದರ ಮೀಟರ್. ನಾಲ್ಕು ಬಾಗಿಲಿನ ರ‍್ಯಾಮ್ 1500ಕ್ಕೆ ಸುಮಾರು 6.2. ವಿಸ್ತೀರ್ಣ ಹೆಚ್ಚಿದಷ್ಟೂ ಗುರಿ ಸುಲಭವಾಗುತ್ತದೆ. ದೊಡ್ಡ ಮೈಯವನಿಗೆ ಪಾಸು ಅಂಕ ಕಡಿಮೆ ಎಂದ ಹಾಗೆ.

ಹೀಗೇಕೆ ಮಾಡಿದರು? ಒಂದೇ ಗುರಿ ಇಟ್ಟರೆ ತಯಾರಕರು ಗಾಡಿಗಳನ್ನು ತೆಳುವಾಗಿಸಿ, ಕಿರಿದಾಗಿಸಿ ಪ್ರಯಾಣಿಕರ ಸುರಕ್ಷತೆಯನ್ನು ಬಲಿಗೊಡುತ್ತಾರೆ ಎಂಬ ಆತಂಕವಿತ್ತು. ಆ ಆತಂಕ ಆಧಾರವಿಲ್ಲದ್ದೇನಲ್ಲ. ಆದರೆ ಅಳತೆಗೋಲು ಯಾವುದಾದರೂ ಸರಿ, ಅಳೆಯಲ್ಪಡುವವನು ಅದಕ್ಕೆ ತಕ್ಕಂತೆ ಮೈ ಬಾಗಿಸುತ್ತಾನೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕೇಟ್ ವೈಟ್‌ಫುಟ್ ಮತ್ತು ಸ್ಟೀವನ್ ಸ್ಕರ್ಲೋಸ್ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ಈ ಸೂತ್ರ ಗಾಡಿಗಳನ್ನು ದೊಡ್ಡದು ಮಾಡಲು ತಯಾರಕರಿಗೆ ಪ್ರೋತ್ಸಾಹ ಕೊಡುತ್ತದೆ. ವಿಜ್ಞಾನದ ಅಧ್ಯಾಪಕರಿಗೆ ಇದರಲ್ಲೊಂದು ಒಳ್ಳೆಯ ಪಾಠವಿದೆ. ಒಂದು ರಾಶಿಯನ್ನು ಇನ್ನೊಂದಕ್ಕೆ ಹೋಲಿಸಿ ನೋಡುವಾಗ ಆ ಇನ್ನೊಂದನ್ನು ಬದಲಿಸುವ ಸ್ವಾತಂತ್ರ್ಯ ಯಾರ ಕೈಯಲ್ಲಿದೆ ಎಂದು ಮೊದಲು ಕೇಳಬೇಕು.

ಇಷ್ಟಾದರೂ ಡಕೋಟಾದ ಸಾವನ್ನು ಈ ಸೂತ್ರದ ತಲೆಗೆ ಕಟ್ಟುವುದು ತಪ್ಪು. ಹೊಸ ಪದ್ಧತಿ ಟ್ರಕ್ಕುಗಳಿಗೆ ಅನ್ವಯವಾಗತೊಡಗಿದ್ದು 2008ರ ಮಾದರಿಗಳಿಂದ. ಮಾರಾಟ ಬಿದ್ದದ್ದು ಅದಕ್ಕಿಂತ ಎಷ್ಟೋ ಮುಂಚೆ. ಕಾರಣ ಕಾರ್ಯಕ್ಕಿಂತ ಮೊದಲು ಬರಬೇಕಲ್ಲವೆ? ಅದಲ್ಲದೆ 2025ರ ಜುಲೈನ ಶಾಸನದಿಂದ ಈ ಗುರಿ ತಪ್ಪಿದವರಿಗೆ ವಿಧಿಸುತ್ತಿದ್ದ ದಂಡವನ್ನು ಸೊನ್ನೆಗೆ ಇಳಿಸಲಾಯಿತು. ಕಾನೂನೇ ಅಡ್ಡಿ ಎನ್ನುತ್ತಿದ್ದವರಿಗೆ ಈಗ ಆ ನೆಪವಿಲ್ಲ. ಆದರೆ ದಂಡವಿಲ್ಲದ ಲೋಕದಲ್ಲಿ ಹಗುರವಾದ, ಮಿತವ್ಯಯದ ಟ್ರಕ್ಕನ್ನು ಕಟ್ಟಲು ಯಾವ ಒತ್ತಡವೂ ಇಲ್ಲ ಎಂಬುದನ್ನು ಅವರು ಹೇಳುತ್ತಿಲ್ಲ.

ಮತ್ತೊಂದು ಕಾನೂನು ಹೆಚ್ಚು ಬಲವಾದದ್ದು. ಯುರೋಪಿನ ದೇಶಗಳು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಹೇರಿದ್ದಕ್ಕೆ ಪ್ರತಿಯಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಕೊನೆಯಲ್ಲಿ ಆಮದಾಗುವ ಲಘು ಟ್ರಕ್ಕುಗಳ ಮೇಲೆ 25 ಶೇಕಡ ಸುಂಕ ಘೋಷಿಸಿದರು. ಕೋಳಿಯ ಜಗಳ ಮುಗಿದುಹೋದರೂ ಟ್ರಕ್ಕಿನ ಸುಂಕ ಉಳಿಯಿತು. ಜಗತ್ತಿನ ಬೇರೆಡೆ ತಯಾರಾಗುವ ಸಣ್ಣ ಪಿಕಪ್‌ಗಳು ಅಮೆರಿಕದಲ್ಲಿ ಅಗ್ಗವಾಗಿ ಸಿಗದಿರಲು ಇದೊಂದು ದೊಡ್ಡ ಕಾರಣ.

ಢಿಕ್ಕಿಯ ಲೆಕ್ಕ

ಡಕೋಟಾದ ಪರವಾಗಿ ವಾದಿಸುವವರು ಬೆಲೆ, ಮೈಲೇಜು, ನೆನಪುಗಳ ಬಗ್ಗೆ ಬರೆಯುತ್ತಾರೆ. ಅವರ ಕೈಯಲ್ಲಿರುವ ಅತ್ಯಂತ ಬಲವಾದ ವಾದವನ್ನು ಮಾತ್ರ ಅವರು ಮುಟ್ಟುವುದೇ ಇಲ್ಲ. ಅದು ಟ್ರಕ್ಕಿನ ಹೊರಗಿರುವವರ ಜೀವ.

1,300 ಕೆ.ಜಿ.ಯ ಕಾರೊಂದು, 2,500 ಕೆ.ಜಿ.ಯ ಟ್ರಕ್ಕೊಂದು, ಎರಡೂ ಗಂಟೆಗೆ 50 ಕಿ.ಮೀ. ವೇಗದಲ್ಲಿ ಮುಖಾಮುಖಿ ಢಿಕ್ಕಿ ಹೊಡೆದು ಒಂದಕ್ಕೊಂದು ಅಂಟಿಕೊಂಡವೆನ್ನಿ. ಸಂವೇಗ ಸಂರಕ್ಷಣೆಯ ಪ್ರಕಾರ ಎರಡೂ ಟ್ರಕ್ಕಿನ ದಿಕ್ಕಿನಲ್ಲಿ 15.8 ಕಿ.ಮೀ. ವೇಗದಿಂದ ಸಾಗುತ್ತವೆ. ಕಾರಿನವರ ವೇಗ ಕ್ಷಣಾರ್ಧದಲ್ಲಿ 65.8ರಷ್ಟು ಬದಲಾಯಿತು, ಟ್ರಕ್ಕಿನವರದು 34.2ರಷ್ಟು. ಟ್ರಕ್ಕು 1,900 ಕೆ.ಜಿ.ಯದಾಗಿದ್ದರೆ ಈ ಅಂಕಗಳು 59.4 ಮತ್ತು 40.6. ಆರು ಕಿಲೋಮೀಟರಿನ ವ್ಯತ್ಯಾಸ ತಾನೆ ಎನ್ನಬೇಡಿ. ಜೋಕ್ಷ್ ಎಂಬ ಸಂಶೋಧಕ 1993ರಲ್ಲಿ ಸೂಚಿಸಿದ ಅಂದಾಜು ನಿಯಮದಂತೆ ಸಾವಿನ ಸಂಭವ ಈ ವೇಗಬದಲಾವಣೆಯ ನಾಲ್ಕನೆಯ ಘಾತದಂತೆ ಏರುತ್ತದೆ. ಹಾಗೆ ನೋಡಿದರೆ ದೊಡ್ಡ ಟ್ರಕ್ಕಿಗೆ ಎದುರಾದ ಕಾರಿನವನ ಅಪಾಯ ಒಂದೂವರೆ ಪಟ್ಟು. ಟ್ರಕ್ಕಿನ ಮಾಲೀಕ ತಾನು ಕೊಂಡ ಸುರಕ್ಷತೆಯ ಒಂದು ಪಾಲನ್ನು ಎದುರಿನವನಿಂದ ಕಸಿದುಕೊಂಡಿರುತ್ತಾನೆ.

ಪಾದಚಾರಿಯ ವಿಷಯದಲ್ಲಿ ಭೌತವಿಜ್ಞಾನ ಬೇರೆಯೇ ಉತ್ತರ ಕೊಡುತ್ತದೆ, ಇದು ಹಲವರಿಗೆ ಹೊಳೆಯುವುದಿಲ್ಲ. 70 ಕೆ.ಜಿ.ಯ ಮನುಷ್ಯನಿಗೆ 2,500 ಕೆ.ಜಿ. ಟ್ರಕ್ಕು ಬಡಿದರೆ ಅವನು ಟ್ರಕ್ಕಿನ ವೇಗದ 97 ಶೇಕಡವನ್ನು ಪಡೆಯುತ್ತಾನೆ. 1,900 ಕೆ.ಜಿ.ಯದಾದರೆ 96 ಶೇಕಡ. ಎರಡೂ ಒಂದೇ. ಟ್ರಕ್ಕಿನ ತೂಕ ಇಳಿಸಿದ್ದರಿಂದ ನಡೆದುಹೋಗುವವನಿಗೆ ಯಾವ ಲಾಭವೂ ಇಲ್ಲ. ಅವನಿಗೆ ಮುಖ್ಯವಾದದ್ದು ಬಾನೆಟ್ಟಿನ ಎತ್ತರ ಮತ್ತು ಇಳಿಜಾರು. ಹೊಡೆತ ದೇಹದ ದ್ರವ್ಯಕೇಂದ್ರಕ್ಕಿಂತ ಕೆಳಗೆ, ಕಾಲಿಗೆ ಬಿದ್ದರೆ ದೇಹ ತಿರುಗಿ ಬಾನೆಟ್ಟಿನ ಮೇಲೆ ಉರುಳುತ್ತದೆ. ಪೆಟ್ಟು ಸ್ವಲ್ಪ ಕಾಲ, ಸ್ವಲ್ಪ ದೂರ ಹರಡಿಕೊಳ್ಳುತ್ತದೆ. ಕೇಂದ್ರದ ಮಟ್ಟದಲ್ಲೋ ಅದರ ಮೇಲೋ ಬಿದ್ದರೆ ಎದೆ, ತಲೆಗಳಿಗೇ ನೇರ ಪೆಟ್ಟು. ದೇಹ ಮುಂದಕ್ಕೆ ಎಸೆಯಲ್ಪಟ್ಟು ಚಕ್ರದಡಿ ಬೀಳುವ ಅಪಾಯ ಬೇರೆ. ಮಗುವಿನ ದ್ರವ್ಯಕೇಂದ್ರ ಇನ್ನೂ ಕೆಳಗಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 40 ಅಂಗುಲಕ್ಕಿಂತ ಎತ್ತರದ ಬಾನೆಟ್ಟಿನ ಗಾಡಿಗಳು ಪಾದಚಾರಿಯನ್ನು ಕೊಲ್ಲುವ ಸಂಭವ, 30 ಅಂಗುಲ ಅಥವಾ ಅದಕ್ಕಿಂತ ತಗ್ಗಿನ ಇಳಿಜಾರು ಬಾನೆಟ್ಟಿನವುಗಳಿಗಿಂತ ಸುಮಾರು 45 ಶೇಕಡ ಹೆಚ್ಚು. 2009ರಲ್ಲಿ ಆ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು ಸುಮಾರು 4,100. 2022ರಲ್ಲಿ 7,500ಕ್ಕೂ ಹೆಚ್ಚು. ಈ ಏರಿಕೆಯನ್ನೆಲ್ಲ ಟ್ರಕ್ಕಿನ ಮೂತಿಗೆ ಕಟ್ಟಲಾಗದು. ರಾತ್ರಿಯ ವೇಗ, ದೀಪವಿಲ್ಲದ ರಸ್ತೆ, ಚಾಲಕನ ಕೈಯಲ್ಲಿರುವ ಮೊಬೈಲ್ ಇವೂ ಪಾಲುದಾರರೇ. ಆದರೆ ಇವುಗಳ ಪೈಕಿ ವಿನ್ಯಾಸಕನ ಮೇಜಿನ ಮೇಲೆಯೇ ತೀರ್ಮಾನವಾಗುವುದು ಮೂತಿ ಒಂದೇ.

ಆದ್ದರಿಂದ ನಡುಗಾತ್ರದ ಟ್ರಕ್ಕು ತಗ್ಗಿನ ಮೂತಿಯೊಂದಿಗೆ ಬಂದರೆ ನಾನು ಅದರ ಪರ. ದೊಡ್ಡ ರ‍್ಯಾಮ್‌ನ ಗೋಡೆಯಂಥ ಮುಖವನ್ನೇ ಸ್ವಲ್ಪ ಕಿರಿದು ಮಾಡಿ ಅಂಟಿಸಿದರೆ ಇಂಧನದ ಲೆಕ್ಕದಲ್ಲೂ ಸೋಲು, ಪಾದಚಾರಿಯ ಲೆಕ್ಕದಲ್ಲೂ ಸೋಲು. ಹಿಂದಿನ ಪುನರಾಗಮನಗಳು ಬಹಳ ಭರವಸೆ ಹುಟ್ಟಿಸುವುದಿಲ್ಲ. ಜನರಲ್ ಮೋಟರ್ಸ್ 2012ರಲ್ಲಿ ನಿಲ್ಲಿಸಿದ ‘ಕೊಲರಾಡೊ’ 2015ರ ಮಾದರಿಯಾಗಿ ಮರಳಿತು. ಫೋರ್ಡ್ ಅಮೆರಿಕದಲ್ಲಿ 2011ರಲ್ಲಿ ನಿಲ್ಲಿಸಿದ ‘ರೇಂಜರ್’ 2019ರಲ್ಲಿ ಬಂತು. ಎರಡೂ ವ್ಯಾಪಾರದಲ್ಲಿ ಗೆದ್ದವು, ಎರಡೂ ಹೋದಾಗ ಇದ್ದುದಕ್ಕಿಂತ ದೊಡ್ಡದಾಗಿ ಬಂದವು.

ಪ್ರಶ್ನೆ ಈಗ ಅರ್ಧ ತೀರ್ಮಾನವಾದಂತೆಯೂ ಇದೆ. ಕ್ರೈಸ್ಲರಿನ ಇಂದಿನ ಒಡೆಯ ಸ್ಟೆಲಾಂಟಿಸ್, ಇಲಿನಾಯ್ ರಾಜ್ಯದ ಬೆಲ್ವಿಡೇರ್ ಕಾರ್ಖಾನೆಯನ್ನು 2023ರ ಫೆಬ್ರವರಿಯಲ್ಲಿ ಮುಚ್ಚಿತ್ತು. ಸಾವಿರಕ್ಕೂ ಹೆಚ್ಚು ಮಂದಿಯ ಕೆಲಸ ಹೋಯಿತು. ಆ ವರ್ಷದ ದೊಡ್ಡ ಮುಷ್ಕರದ ಬಳಿಕ ಕಾರ್ಮಿಕ ಸಂಘದೊಂದಿಗೆ ಆದ ಒಪ್ಪಂದದಲ್ಲಿ ನಡುಗಾತ್ರದ ಪಿಕಪ್ಪನ್ನು ಅಲ್ಲಿಯೇ ತಯಾರಿಸುವ ಭರವಸೆ ಸೇರಿತು. 2025ರ ಜನವರಿಯಲ್ಲಿ ಕಂಪನಿ ಮಾತನ್ನು ದೃಢಪಡಿಸಿತು. ಅದೇ ಅಕ್ಟೋಬರಿನಲ್ಲಿ ಯೋಜನೆ ಬದಲಾಯಿತು: ಬೆಲ್ವಿಡೇರಿಗೆ ಜೀಪಿನ ಎರಡು ಮಾದರಿಗಳು, ಪಿಕಪ್ ಮಾತ್ರ ಟೊಲೀಡೊಗೆ, ಅದೂ 2028ಕ್ಕೆ. ಗ್ಲ್ಯಾಡಿಯೇಟರ್ ಹುಟ್ಟಿದ ಊರಿಗೇ. ಒಂದು ಟ್ರಕ್ಕು ಬೇಕೇ ಬೇಡವೇ ಎಂಬ ಚರ್ಚೆ ಬೆಲ್ವಿಡೇರಿನ ಮನೆಗಳಲ್ಲಿ ಮೈಲೇಜಿನ ಚರ್ಚೆಯಾಗಿರಲಿಲ್ಲ, ಎರಡೂವರೆ ವರ್ಷಗಳ ಕಾಯುವಿಕೆಯಾಗಿತ್ತು. ಭೌತವಿಜ್ಞಾನದ ಲೆಕ್ಕದಲ್ಲಿ ಇದಕ್ಕೆ ಜಾಗವಿಲ್ಲ, ಹಾಗೆಂದು ಇದು ಚಿಕ್ಕ ಸಂಗತಿಯಲ್ಲ.

ಡಕೋಟಾ ಎಂಬ ಹೆಸರಂತೂ ಆಗಲೇ ಮರಳಿದೆ, ಆದರೆ ಬೇರೆ ಖಂಡದಲ್ಲಿ. ಅರ್ಜೆಂಟೀನದ ಕೋರ್ಡೊಬಾದಲ್ಲಿ ತಯಾರಾಗುವ, ಡೀಸೆಲ್ ಎಂಜಿನ್ನಿನ ‘ರ‍್ಯಾಮ್ ಡಕೋಟಾ’ 2025ರಲ್ಲಿ ದಕ್ಷಿಣ ಅಮೆರಿಕದ ಮಾರುಕಟ್ಟೆಗಾಗಿ ಅನಾವರಣಗೊಂಡಿತು. ಟೊಲೀಡೊದ ಟ್ರಕ್ಕಿನ ಅಂಕಿಅಂಶಗಳು ಹೊರಬಿದ್ದಾಗ ಮೈಲೇಜು, ಎಳೆಯುವ ಅಂಕ, ಅಶ್ವಶಕ್ತಿ ಇವು ದಪ್ಪಕ್ಷರದಲ್ಲಿ ಇರುತ್ತವೆ. ಖಾಲಿ ಗಾಡಿಯ ರಾಶಿ ಎಲ್ಲೋ ಕೊನೆಯ ಪುಟದಲ್ಲಿ ಸಿಗಬಹುದು. ಬಾನೆಟ್ಟಿನ ಎತ್ತರವನ್ನು ಕಂಪನಿಗಳು ಸಾಮಾನ್ಯವಾಗಿ ಕರಪತ್ರದಲ್ಲಿ ಅಚ್ಚು ಹಾಕುವುದಿಲ್ಲ. ಅದನ್ನು ಯಾರಾದರೂ ಷೋರೂಮಿಗೆ ಟೇಪು ಹಿಡಿದುಕೊಂಡು ಹೋಗಿಯೇ ಅಳೆಯಬೇಕಾದೀತು.